ಕಾದಂಬರಿಯ ಓದೂ ಶಬ್ದಗ್ರಹಣವೂ

೧

ಎಳೆಯರಿಗೆ ಶಬ್ದಸಂಪತ್ತನ್ನು ಗಳಿಸಿಕೊಡುವುದು ಹೇಗೆಂಬ ಪ್ರಶ್ನೆ ನಮ್ಮ ದೇಶದಲ್ಲಿ ಬಹು ಹಳೆಯದು. ಹಿಂದಿನ ವಿದ್ಯಾರ್ಥಿಯು ಅಮರಕೋಶವನ್ನು ಕಂಠಪಾಠ ಮಾಡಿದ ಮೇಲೆ ಕಾವ್ಯಕ್ಕೆ ಕೈಯಿಡುತ್ತಿದ್ದನು. ಕನ್ನಡದಲ್ಲಿಯೂ ರನ್ನಕಂದ ಮೊದಲುಗೊಂಡು ಅಭಿನವ ಮಂಗರಾಜನ ನಿಘಂಟಿನ ವರೆಗಿನ ಕೋಶಗಳು ಬಾಯಿಪಾಠಕ್ಕೆ ಒದಗುವಂತೆ ಪದ್ಯರೂಪದಲ್ಲಿಯೇ ಇವೆ. ಕೋಶ ಮೊದಲು, ಕಾವ್ಯ ಆಮೇಲೆ ಎಂಬುದು ಆ ಕ್ರಮ. ಇಂದಿನ ಪಾಠಪುಸ್ತಕಗಳಲ್ಲಿ ಪ್ರತಿ ಪಾಠದ ಕೊನೆಗೆ ಅಚ್ಚಾಗುವ ‘ಪದಗಳ ಅರ್ಥ’ವೆಂಬ ಪಟ್ಟಿಯು ಅದೇ ಕ್ರಮದ ಕಿರಿಯ ಅವಶೇಷವೆನ್ನಬಹುದು. ಹಿಂದಿನವರ ಕಂಠಪಾಠದಲ್ಲಿ ಸಾವಿರಾರು ಶಬ್ದಗಳು ವರ್ಗವರ್ಗವಾಗಿ ಮನಸ್ಸಿನಲ್ಲಿ ನೆಲೆಗೊಳ್ಳುತ್ತಿದ್ದವು. ಈ ಪಟ್ಟಿಯಲ್ಲಿಯಾದರೋ ಹತ್ತು ಹನ್ನೆರಡು ಶಬ್ದಗಳು ಪರೀಕ್ಷೆಯ ದಿನದ ವರೆಗೆ ನಿಂತು ಅನಂತರ ಮರೆಯಾಗುತ್ತವೆ.

ಇದಕ್ಕೆ ಪ್ರತಿಯಾಗಿ ಇನ್ನೊಂದು ದಾರಿಯುಂಟು. ಹದಿಮೂರು ಹದಿನಾಲ್ಕರ ವಯಸ್ಸಿನಿಂದ ಮುಂದಕ್ಕೆ ಹುಡುಗರು ತಾವಾಗಿಯೇ ಕಾದಂಬರಿಗಳನ್ನು ಹಿಡಿಯುತ್ತಾರೆ. ಬಿ. ವೆಂಕಟಾಚಾರ್ಯರ ಮತ್ತು ಗಳಗನಾಥರ ಕಾಲದಿಂದ ಕನ್ನಡದಲ್ಲಿ ಓದುಗರ ಸಮೂಹವೊಂದು ಬೆಳೆದದ್ದು ಹೀಗೆ. ಕಥೆಯ ಆಸೆಗಾಗಿ ಓದುವವನು ಅರ್ಥ ತಿಳಿಯದ ಶಬ್ದಗಳನ್ನು ದಾಟಿ ದಾಟಿ ಹೋಗುತ್ತಾನೆ. ಪುಸ್ತಕ ಮುಗಿಯುವ ಹೊತ್ತಿಗೆ ಅವುಗಳಲ್ಲಿ ಕೆಲವು ಅವನವಾಗಿರುತ್ತವೆ. ಅವು ಹೇಗೆ ಅವನವಾದವು? ಯಾವ ಕಾದಂಬರಿ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ? ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ಮೈಸೂರು ಜಿಲ್ಲೆಯ ನಾಲ್ಕು ತಾಲ್ಲೂಕುಗಳ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಎರಡು ಕಾದಂಬರಿಗಳ ಮೂಲಕ ಈ ಪ್ರಶ್ನೆಯನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

೨

ಶಬ್ದದ ಅರ್ಥವನ್ನು ಮನುಷ್ಯನು ತಿಳಿಯುವ ಬಗೆಗೆ ನಮ್ಮ ಶಾಸ್ತ್ರಕಾರರು ಶಕ್ತಿಗ್ರಹವೆಂದು ಹೆಸರಿಟ್ಟು, ಅದಕ್ಕೆ ಎಂಟು ಸಾಧನಗಳನ್ನು ಹೇಳಿದ್ದಾರೆ: ವ್ಯಾಕರಣ, ಉಪಮಾನ, ಕೋಶ, ಆಪ್ತವಾಕ್ಯ, ವ್ಯವಹಾರ, ವಾಕ್ಯಶೇಷ, ವಿವೃತಿ, ಸಿದ್ಧಪದಸಾನ್ನಿಧ್ಯ. ಇವುಗಳಲ್ಲಿ ಕೋಶವು ಎಂಟರಲ್ಲಿ ಒಂದು ಮಾತ್ರವೆಂಬುದನ್ನು ಮೊದಲು ಗಮನಿಸಬೇಕು. ಎಲ್ಲಕ್ಕಿಂತ ಮುಖ್ಯವಾದುದು ವ್ಯವಹಾರವೆಂದು ಅನೇಕರ ಮತ. ಹಿರಿಯನೊಬ್ಬನು ‘ಹಸುವನ್ನು ತಾ’ ಎಂದು ಇನ್ನೊಬ್ಬನಿಗೆ ಹೇಳುತ್ತಾನೆ, ಅವನು ತರುತ್ತಾನೆ, ‘ಹಸುವನ್ನು ಕಟ್ಟು, ಕುದುರೆಯನ್ನು ತಾ’ ಎಂದು ಮತ್ತೆ ಹೇಳುತ್ತಾನೆ. ಪಕ್ಕದಲ್ಲಿ ನಿಂತ ಮಗುವು ಯಾರೂ ಕಲಿಸದೆಯೇ ಯಾವ ಶಬ್ದಕ್ಕೆ ಯಾವ ಅರ್ಥವೆಂದು ಬೇರ್ಪಡಿಸಿಕೊಳ್ಳುತ್ತದೆ.

ಕಾದಂಬರಿಯ ಓದುಗನು ಇಂಥ ಮಗುವಿನ ಸ್ಥಾನದಲ್ಲಿದ್ದಾನೆ. ಅವನ ಕಣ್ಣೆದುರಿಗೆ ಜನ ಮಾತನಾಡುತ್ತಾರೆ, ಆ ಮಾತಿನಂತೆ ನಡೆದುಕೊಳ್ಳುತ್ತಾರೆ. ಅದೇ ಮಾತು ಬೇರೊಂದು ಸಂದರ್ಭದಲ್ಲಿ ಮರಳಿ ಬರುತ್ತದೆ. ಒಂದು ಪುಟದಲ್ಲಿ ಅಸ್ಪಷ್ಟವಾಗಿದ್ದುದು ಮುಂದಿನ ವಾಕ್ಯದಿಂದ ತಿಳಿಯಾದರೆ ಅದು ವಾಕ್ಯಶೇಷ. ತಿಳಿದ ಶಬ್ದಗಳ ನಡುವೆ ತಿಳಿಯದೊಂದು ಬಂದು ಅವುಗಳ ಬೆಳಕಿನಲ್ಲಿ ಕಂಡರೆ ಅದು ಸಿದ್ಧಪದಸಾನ್ನಿಧ್ಯ. ಪಾತ್ರವೊಂದು ಇನ್ನೊಂದಕ್ಕೆ ಬಿಡಿಸಿ ಹೇಳಿದರೆ ಅದು ವಿವೃತಿ. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಪ್ರತಿ ಸೂತ್ರಕ್ಕೂ ಪೂರ್ವಕವಿಗಳ ಪ್ರಯೋಗವನ್ನು ತಂದುದಕ್ಕೂ ಕಾರಣ ಇದೇ ಇರಬೇಕು. ಪ್ರಯೋಗದಲ್ಲಿ ಕಂಡ ಶಬ್ದಕ್ಕೆ ಇರುವ ಜೀವ ಪಟ್ಟಿಯಲ್ಲಿ ಕಂಡುದಕ್ಕೆ ಇರುವುದಿಲ್ಲ.

ಎಂಟು ಸಾಧನಗಳಲ್ಲಿ ಉಪಮಾನ ಮತ್ತು ಆಪ್ತವಾಕ್ಯಗಳು ನಮ್ಮ ವಿಷಯಕ್ಕೆ ವಿಶೇಷವಾಗಿ ಬೇಕಾದವು. ಉಪಮಾನಕ್ಕೆ ನೈಯಾಯಿಕರು ಕೊಡುವ ಉದಾಹರಣೆ ಪ್ರಸಿದ್ಧವಾಗಿದೆ. ಪಟ್ಟಣದವನಿಗೆ ಗವಯವೆಂಬ ಶಬ್ದದ ಅರ್ಥ ಗೊತ್ತಿಲ್ಲ. ಕಾಡಿನವನೊಬ್ಬನು ಅದು ಹಸುವಿನಂತಿರುವ ಪ್ರಾಣಿಯೆಂದು ತಿಳಿಸುತ್ತಾನೆ. ಪಟ್ಟಣದವನು ಮುಂದೆ ಕಾಡಿಗೆ ಹೋಗಿ ಅಂಥ ಪ್ರಾಣಿಯನ್ನು ಕಂಡಾಗ ಇದೇ ಗವಯವೆಂದು ತಿಳಿಯುತ್ತಾನೆ. ಈ ಉದಾಹರಣೆಯಲ್ಲಿ ಶಬ್ದವನ್ನು ಕಲಿಸಿದವನು ಕಾಡಿನವನು, ಕಲಿತವನು ಪಟ್ಟಣದವನು ಎಂಬ ಸಂಗತಿಯ ಕಡೆಗೆ ವ್ಯಾಖ್ಯಾನಕಾರರು ಹೆಚ್ಚು ಲಕ್ಷ್ಯ ಕೊಟ್ಟಂತೆ ಕಾಣುವುದಿಲ್ಲ. ನಮ್ಮ ಪಾಠಶಾಲೆಗಳಲ್ಲಿ ಇದರ ವಿಪರ್ಯಾಸವೇ ರೂಢಿಯಾಗಿರುವುದರಿಂದ, ಇಲ್ಲಿ ಅದನ್ನು ಎತ್ತಿ ಹೇಳಬೇಕಾಗಿದೆ.

೩

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ (೧೯೮೦) ಎಳೆಯರಿಗೆಂದೇ ಬರೆದ ಕೃತಿಯಲ್ಲದಿದ್ದರೂ, ಎಳೆಯರು ಮೊದಲು ಓದುವ ಕಾದಂಬರಿಗಳಲ್ಲಿ ಅದಕ್ಕೆ ದೊಡ್ಡ ಸ್ಥಾನವಿದೆ. ಕಥೆ ಮೂಡಿಗೆರೆಯ ಸೀಮೆಯದು. ಕೃಷಿಕನಾದ ನಿರೂಪಕ, ವಿಜ್ಞಾನಿ ಕರ್ವಾಲೋ, ಜೇನಿನ ಕೆಲಸ ಬಲ್ಲ ಹಳ್ಳಿಯ ತರುಣ ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ ಇವರೆಲ್ಲ ಸೇರಿ ಹಾರುವ ಓತಿಯೊಂದನ್ನು ಹುಡುಕಿಕೊಂಡು ಕಾಡಿಗೆ ಹೋಗುತ್ತಾರೆ. ಕೊನೆಗೆ ಅದು ಅವರ ಕಣ್ಣೆದುರಿಗೇ ಘಟ್ಟದ ಅಂಚಿನಿಂದ ತೇಲಿ ಆಳವಾದ ಕಣಿವೆಯಲ್ಲಿ ಕಾಣದಾಗುತ್ತದೆ.

ಈ ಗ್ರಂಥದ ತಾತ್ತ್ವಿಕ ಅರ್ಥವನ್ನು ಕುರಿತು ವಿಮರ್ಶಕರು ಸಾಕಷ್ಟು ಬರೆದಿದ್ದಾರೆ. ಶಬ್ದಗ್ರಹಣದ ದೃಷ್ಟಿಯಿಂದ ನೋಡಿದರೆ ಇದರ ಕಥೆಯೇ ಒಂದು ಹೆಸರಿನ ಕಥೆಯೆಂದು ತೋರುತ್ತದೆ. ‘ಓತಿ’ ಎಂಬುದು ಎಲ್ಲರಿಗೂ ತಿಳಿದ ಶಬ್ದ. ಮೈಸೂರು ಸೀಮೆಯ ಹುಡುಗರು ಓತಿಕ್ಯಾತನೆಂದು ಕರೆದು ಬೇಲಿಯ ಮೇಲೆ ಅದನ್ನು ನಿತ್ಯ ಕಾಣುತ್ತಾರೆ. ಓತಿಕ್ಯಾತನಿಗೆ ಬೇಲಿ ಸಾಕ್ಷಿ ಎಂಬ ಗಾದೆಯನ್ನೂ ಕೇಳಿರುತ್ತಾರೆ. ಇಷ್ಟು ಹಳೆಯ ಶಬ್ದಕ್ಕೆ ‘ಹಾರುವ’ ಎಂಬ ವಿಶೇಷಣ ಸೇರಿದ ಕೂಡಲೆ ಸಿದ್ಧಪದದ ಪಕ್ಕದಲ್ಲಿ ಅಸಾಧ್ಯವೊಂದು ಬಂದು ನಿಂತಂತಾಗುತ್ತದೆ. ಓದುಗನು ನಂಬುವುದಿಲ್ಲ, ನಿರೂಪಕನೂ ಮೊದಲು ನಂಬುವುದಿಲ್ಲ. ಆಮೇಲೆ ಓತಿಗೂ ಹಲ್ಲಿಗೂ ಉಡಕ್ಕೂ ಗೋಸುಂಬೆಗೂ ಹಾವುರಾಣಿಗೂ ಇರುವ ಭೇದವನ್ನು ವಿಚಾರಿಸುವ ಆಸೆ ಅವನಲ್ಲಿ ತಾನಾಗಿಯೇ ಹುಟ್ಟುತ್ತದೆ. ಉಡದ ಪಟ್ಟು ಎಂಬ ಮಾತನ್ನು ಅರ್ಥವರಿಯದೆ ಬಳಸುತ್ತಿದ್ದವನು ಉಡವೆಂದರೇನೆಂದು ಕೇಳತೊಡಗುತ್ತಾನೆ. ಒಂದು ಶಬ್ದವನ್ನು ಕಲಿಯಹೊರಟವನಿಗೆ ಅದರ ನೆರೆಹೊರೆಯ ಶಬ್ದಗಳೆಲ್ಲ ದೊರೆಯುವುದು ಅಮರಕೋಶದ ವರ್ಗಗಳಿಂದಾಗುತ್ತಿದ್ದ ಪ್ರಯೋಜನವೇ ಆಗಿದೆ. ಇಲ್ಲಿ ಅದು ಕುತೂಹಲದ ಮೂಲಕ ಲಭಿಸುತ್ತದೆ.

ಜೇನಿನ ಪ್ರಸಂಗಗಳ ಮಾತೂ ಹೀಗೆಯೇ. ಅವನ್ನು ಓದುವವನಿಗೆ ‘ಜೇನು’ ಎಂಬ ಒಂದೇ ಶಬ್ದ ಸಾಲದೆಂಬುದು ಬೇಗ ಗೊತ್ತಾಗುತ್ತದೆ. ಬಂಡೆಗೋ ಎತ್ತರದ ಮರಕ್ಕೋ ಒಂದೇ ದೊಡ್ಡ ಹುಟ್ಟನ್ನು ಕಟ್ಟುವುದು ಹೆಜ್ಜೇನು. ಪೊಟರೆಯಲ್ಲಿ ಹಲವು ಹುಟ್ಟುಗಳನ್ನು ಸಾಲಾಗಿ ಕಟ್ಟುವ, ಪೆಟ್ಟಿಗೆಯಲ್ಲಿ ಸಾಕಲು ಒಗ್ಗುವ ಜಾತಿ ತುಡುವೆ. ಸಣ್ಣ ಕೊಂಬೆಗೆ ಪುಟ್ಟ ಹುಟ್ಟನ್ನು ಅಂಟಿಸುವುದು ಕೋಲುಜೇನು. ಹುಟ್ಟಿಗೇ ಕೆಲವು ಕಡೆ ಎರಿ ಎಂಬ ಹೆಸರುಂಟು. ಇಂಥ ಶಬ್ದಗಳು ನೋಡಿ ಗುರುತಿಸುವ ಕಣ್ಣನ್ನೂ ಜೊತೆಗೇ ಕೊಡುತ್ತವೆ.

ಇವೆಲ್ಲಕ್ಕಿಂತ ಮೇಲಾದುದು ಈ ಕಾದಂಬರಿಯಲ್ಲಿ ಆಪ್ತನ ಪ್ರಶ್ನೆ. ವಸ್ತುವನ್ನು ಕಂಡು, ಕಂಡಂತೆ ಹೇಳುವವನು ಆಪ್ತನೆಂದು ಶಾಸ್ತ್ರ. ಹಾರುವ ಓತಿಯನ್ನು ಕಂಡವನು ಮಂದಣ್ಣ. ಊರಿನ ದೃಷ್ಟಿಯಲ್ಲಿ ಅವನು ಪೆದ್ದ, ಕೆಲಸಕ್ಕೆ ಬಾರದವನು. ಲೋಕಪ್ರಸಿದ್ಧ ವಿಜ್ಞಾನಿಯಾದ ಕರ್ವಾಲೋ ಆ ಪೆದ್ದನ ಮಾತನ್ನೇ ಪ್ರಮಾಣವೆಂದು ಹಿಡಿದು ಹೊರಡುತ್ತಾರೆ. ಗವಯದ ಉದಾಹರಣೆಯಲ್ಲಿ ಕಾಡಿನವನಿಗೆ ಇದ್ದ ಸ್ಥಾನ ಇಲ್ಲಿ ಮಂದಣ್ಣನಿಗೆ ದೊರೆತಿದೆ. ಓದು ಬಲ್ಲವನು ಓದು ಬಾರದವನಿಂದ ಶಬ್ದವನ್ನೂ ಅದರ ಅರ್ಥವನ್ನೂ ಪಡೆಯುವ ಈ ಸಂಬಂಧವನ್ನು ಕಥೆಯ ತಿರುಳಾಗಿಸಿಕೊಂಡ ಕಾದಂಬರಿಗಳು ನಮ್ಮಲ್ಲಿ ವಿರಳ.

ದೋಷಗಳನ್ನೂ ಹೇಳಬೇಕು. ವಿಜ್ಞಾನದ ವಿಷಯ ಬಂದಲ್ಲಿ ವಿವೃತಿಯೇ ಮುಂದಾಗಿ, ಪಾತ್ರಗಳು ಮಾತನಾಡುವುದನ್ನು ಬಿಟ್ಟು ಪಾಠ ಹೇಳುವಂತೆ ತೋರುವ ಸ್ಥಳಗಳಿವೆ. ಇಂಗ್ಲಿಷ್ ಶಬ್ದಗಳು ದಿನಬಳಕೆಯ ಮಾತಿನಲ್ಲಿರುವಂತೆಯೇ ಹೇರಳವಾಗಿ ಬಂದಿರುವುದರಿಂದ, ವಿಜ್ಞಾನಕ್ಕೆ ಕನ್ನಡದ ಪರಿಭಾಷೆಯನ್ನು ಬಯಸುವವರಿಗೆ ಇದರಲ್ಲಿ ತೃಪ್ತಿ ಕಡಮೆ. ಆದರೆ ಭಾಷೆ ಬದುಕಿರುವ ರೀತಿಯನ್ನು ಮರೆಮಾಚದಿರುವುದು ಈ ಶೈಲಿಯ ಗುಣವೂ ಹೌದು.

೪

ಕಾದಂಬರಿಯಿಂದ ಶಬ್ದಗಳು ಬರುತ್ತವೆಂಬುದು ಕೇವಲ ನಂಬಿಕೆಯಲ್ಲ. ಈ ವಿಷಯದಲ್ಲಿ ಪರೀಕ್ಷೆಗಳು ನಡೆದಿವೆ. ಆಂಥೊನಿ ಬರ್ಜೆಸನ ‘ಎ ಕ್ಲಾಕ್‌ವರ್ಕ್ ಆರೆಂಜ್’ (೧೯೬೨) ಎಂಬ ಕಾದಂಬರಿಯಲ್ಲಿ ಹದಿಹರೆಯದ ನಿರೂಪಕನು ರಷ್ಯನ್ ಭಾಷೆಯಿಂದ ಹುಟ್ಟಿಸಿದ ನೂರಾರು ಕೃತಕ ಶಬ್ದಗಳನ್ನು ಬಳಸುತ್ತಾನೆ. ಸರಾಗಿ, ನೇಷನ್, ಮೈಸ್ಟರ್ ಎಂಬ ಮೂವರು ೧೯೭೮ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಅರ್ಥಪಟ್ಟಿಯಿಲ್ಲದೆ ಆ ಗ್ರಂಥವನ್ನು ಓದಿದವರನ್ನು ಮುನ್ಸೂಚನೆಯಿಲ್ಲದೆ ೯೦ ಶಬ್ದಗಳಲ್ಲಿ ಪರೀಕ್ಷಿಸಿದಾಗ, ಸರಾಸರಿ ನೂರಕ್ಕೆ ೭೬ರಷ್ಟು ಸರಿಯುತ್ತರ ಬಂದಿತು. ಇದನ್ನು ಕಂಡು ಹಿಗ್ಗುವವರು ಇನ್ನೊಂದನ್ನೂ ನೋಡಬೇಕು. ನ್ಯಾಗಿ, ಆಂಡರ್ಸನ್, ಹರ್ಮನ್ ಎಂಬವರು ಶಾಲೆಯ ಮಕ್ಕಳ ಸಹಜವಾದ ಓದನ್ನು ಪರೀಕ್ಷಿಸಿ ೧೯೮೭ರಲ್ಲಿ ಪ್ರಕಟಿಸಿದ ಫಲ ಬೇರೆ: ಅಪರಿಚಿತ ಶಬ್ದವೊಂದನ್ನು ಒಮ್ಮೆ ಓದಿದ ಮಾತ್ರಕ್ಕೆ ಅದು ಕಲಿತಂತಾಗುವ ಸಂಭವ ಸುಮಾರು ೨೦ರಲ್ಲಿ ೧ ಮಾತ್ರ.

ಎರಡಕ್ಕೂ ವಿರೋಧವಿಲ್ಲ. ಬರ್ಜೆಸನ ಶಬ್ದಗಳು ಪುಟಪುಟಕ್ಕೂ ಮರಳಿ ಬರುವಂಥವು; ಸಾಮಾನ್ಯವಾದ ಓದಿನಲ್ಲಿ ಶಬ್ದವು ಒಮ್ಮೆ ಕಂಡು ಮರೆಯಾಗುತ್ತದೆ. ಆದುದರಿಂದ ಶಬ್ದವನ್ನು ಕಲಿಸುವುದು ಮರಳಿ ಮರಳಿ ಆಗುವ ಭೇಟಿಯೆಂದಾಯಿತು. ಇಲ್ಲಿ ಕನ್ನಡದ ರಚನೆಯಿಂದ ಒಂದು ಅನುಕೂಲವೂ ಒಂದು ತೊಡಕೂ ಇವೆ. ಓತಿ, ಓತಿಯ, ಓತಿಗೆ, ಓತಿಯನ್ನು ಎಂದು ವಿಭಕ್ತಿಗಳಲ್ಲಿ ತಿರುಗುವ ಶಬ್ದವು ಎಲ್ಲಿಯೂ ತನ್ನ ಮೂಲರೂಪವನ್ನು ತೋರಿಸುವುದರಿಂದ ಪುನಃಪರಿಚಯ ಸುಲಭ. ಸಂಧಿಯಾದಲ್ಲಿ ಮಾತ್ರ ಅದು ವೇಷ ಮರೆಸುತ್ತದೆ. ಹೆಜ್ಜೇನಿನಲ್ಲಿ ಜೇನನ್ನು ಗುರುತಿಸಿದವನಿಗೂ ಮೊದಲಿನ ಭಾಗ ತಿಳಿಯದಿರಬಹುದು. ಅಲ್ಲಿ ಶಕ್ತಿಗ್ರಹದ ಮೊದಲನೆಯ ಸಾಧನವಾದ ವ್ಯಾಕರಣವು ಉಪಾಧ್ಯಾಯನ ಮೂಲಕ ಬಂದು ನೆರವಾಗಬೇಕು.

೫

ನೆರವು ದೂರದಲ್ಲಿಲ್ಲ. ನಾಲ್ಕು ತಾಲ್ಲೂಕುಗಳ ಹೆಸರುಗಳೇ ಸಾಕು. ಹಿರಿದು ಎಂಬುದರ ಸಮಾಸರೂಪ ಹೆಜ್ಜೇನು, ಹೆಮ್ಮರ, ಹೆದ್ದಾರಿ, ಹೆಬ್ಬುಲಿಗಳಲ್ಲಿ ಇದೆಯಷ್ಟೆ. ಹಳಗನ್ನಡದ ಪೆರ್ಗಡೆಯು ಹೆಗ್ಗಡೆಯಾದುದೂ ಇದೇ ದಾರಿಯಲ್ಲಿ. ಹೆಗ್ಗಡದೇವನಕೋಟೆಯ ಹುಡುಗನು ಆ ಶಬ್ದವನ್ನು ದಿನವೂ ಬಾಯಲ್ಲಿ ಹೊತ್ತು ತಿರುಗುತ್ತಾನೆ. ಪಿರಿಯಾಪಟ್ಟಣವೆಂಬ ಹೆಸರು ಚೆಂಗಾಳ್ವ ಅರಸನೊಬ್ಬನಿಂದ ಬಂತೆಂದು ಹೇಳುವುದುಂಟು. ಹಾಗಿದ್ದರೂ, ಪಕಾರವು ಹಕಾರವಾಗುವುದಕ್ಕೆ ಮೊದಲಿನ ‘ಪಿರಿಯ’ ಎಂಬ ರೂಪ ಅಲ್ಲಿ ಇಂದಿಗೂ ಉಳಿದಿದೆ. ಕೃಷ್ಣರಾಜನಗರದ ಸೀಮೆಗೆ ಹಿಂದೆ ಇದ್ದ ಹೆಸರು ಎಡತೊರೆ; ಕಾವೇರಿಯ ದಡದ ಆ ಹೆಸರಿನಲ್ಲಿ ತೊರೆ ಎಂಬ ಶಬ್ದ ನಿಂತಿದೆ. ಹುಣಸೂರಿನ ಹೆಸರಿನಲ್ಲಿ ಹುಣಸೆಯನ್ನು ಯಾರೂ ಕಾಣಬಹುದು. ಹೊಸ ಶಬ್ದವೆಂದು ಕಾದಂಬರಿಯಲ್ಲಿ ಎದುರಾದುದು ತನ್ನ ಊರಿನ ಹೆಸರಿನಲ್ಲಿಯೇ ಅಡಗಿತ್ತೆಂದು ಕಂಡವನಿಗೆ ಆ ಶಬ್ದ ಮರೆಯುವಂತಿಲ್ಲ.

ಊರಿನ ಹೆಸರಿನಲ್ಲಿರುವಂತೆಯೇ ಮನೆಯ ಮಾತಿನಲ್ಲಿಯೂ ದೊಡ್ಡ ಶಬ್ದಭಂಡಾರವಿದೆ. ಕೃಷ್ಣರಾಜನಗರದ ಗದ್ದೆಯ ಬಯಲಿನಲ್ಲಿ ಬೆಳೆದ ಹುಡುಗಿಗೆ ತೂಬು, ಬದು, ಮಡಿ, ಒಟ್ಲು, ನಾಟಿ ಎಂಬವುಗಳ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹುಣಸೂರು ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬೇಸಾಯಗಾರರ ಮನೆಯಲ್ಲಿ ಎಲೆಯನ್ನು ಬೇಯಿಸಿ ಹದಮಾಡುವ ಮನೆಗೆ ಬ್ಯಾರನ್ ಎಂದು ಹೆಸರು. ಇಂಗ್ಲಿಷಿನಿಂದ ಬಂದ ಈ ಶಬ್ದ ಅಲ್ಲಿ ಕನ್ನಡವೇ ಆಗಿಹೋಗಿದೆ. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಕಾಡಂಚಿನ ಹಾಡಿಗಳಲ್ಲಿರುವ ಜೇನುಕುರುಬರಿಗೆ ಕನ್ನಡಕ್ಕೆ ಹತ್ತಿರವಾದ, ಆದರೆ ತಮ್ಮದೇ ಆದ ನುಡಿಯಿದೆ. ಜೇನಿನಿಂದಲೇ ಹೆಸರು ಪಡೆದ ಜನ ಅವರು. ಜೇನಿನ ವಿಷಯದಲ್ಲಿ ಕರ್ವಾಲೋ ಕಾದಂಬರಿಯ ಓದುಗರೆಲ್ಲರಿಗಿಂತ ಹಾಡಿಯ ಮಗುವೇ ಹೆಚ್ಚಿನ ಆಪ್ತ.

ಇಷ್ಟಿದ್ದೂ ತರಗತಿಯಲ್ಲಿ ನಡೆಯುವುದೇನು? ಮಗುವು ‘ಮ್ಯಾಲೆ’ ಎಂದರೆ ಉಪಾಧ್ಯಾಯರು ‘ಮೇಲೆ’ ಎಂದು ತಿದ್ದುತ್ತಾರೆ. ‘ಒಲ’ ಎಂದರೆ ‘ಹೊಲ’ ಎಂದು ತಿದ್ದುತ್ತಾರೆ. ಬರವಣಿಗೆಗೆ ಶಿಷ್ಟರೂಪ ಬೇಕಾದುದರಿಂದ ಇಷ್ಟರ ವರೆಗೆ ತಪ್ಪಿಲ್ಲ. ಆದರೆ ಅದೇ ಭರದಲ್ಲಿ ‘ಒಟ್ಲು’ ಎಂಬುದನ್ನೂ ಗ್ರಾಮ್ಯವೆಂದು ಹೊಡೆದುಹಾಕುವುದುಂಟು. ‘ಮ್ಯಾಲೆ’ಗೆ ‘ಮೇಲೆ’ ಬದಲಾಗಿ ನಿಲ್ಲುತ್ತದೆ. ‘ಒಟ್ಲು’ ಎಂಬುದು ಹೋದರೆ ಮಗುವಿನ ಬಾಯಲ್ಲಿ ಅದರ ಜಾಗದಲ್ಲಿ ನಿಲ್ಲುವ ಶಬ್ದ ಮತ್ತೊಂದಿರುವುದಿಲ್ಲ. ಉಚ್ಚಾರಣೆಯ ಭೇದವನ್ನೂ ಶಬ್ದದ ಸ್ವತ್ತನ್ನೂ ಒಂದೇ ಕೋಲಿನಿಂದ ಅಳೆಯುವುದರಿಂದ, ಹತ್ತು ಶಬ್ದಗಳನ್ನು ಪಟ್ಟಿಯಿಂದ ಕೊಟ್ಟು ನೂರನ್ನು ನಾಚಿಕೆಯಿಂದ ಕಸಿದುಕೊಂಡಂತಾಗುತ್ತದೆ.

೬

ಈ ನಾಚಿಕೆಗೆ ಮದ್ದು ಇದೇ ನೆಲದ ಕಾದಂಬರಿಕಾರರೊಬ್ಬರಲ್ಲಿ ದೊರೆಯುತ್ತದೆ. ಚದುರಂಗರೆಂದು ಪ್ರಸಿದ್ಧರಾದ ಸುಬ್ರಹ್ಮಣ್ಯರಾಜೇ ಅರಸರು (೧೯೧೬–೧೯೯೮) ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು. ಅವರ ‘ವೈಶಾಖ’ (೧೯೮೧) ಕಾದಂಬರಿಗೆ ೧೯೮೨ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮೈಸೂರು ಸೀಮೆಯ ಹಳ್ಳಿಯ ಬದುಕನ್ನೂ ಅದರ ಜಾತಿಯ ಕ್ರೌರ್ಯವನ್ನೂ ಚಿತ್ರಿಸುವ ಈ ಗ್ರಂಥದಲ್ಲಿ ಆ ಸೀಮೆಯ ಆಡುಮಾತು ಅದರ ಉಸಿರಾಗಿ ಹರಿದಿದೆ.

ವಿಷಯದ ಗಹನತೆಯಿಂದ ಇದು ‘ಕರ್ವಾಲೋ’ ಓದುವ ವಯಸ್ಸಿಗೆ ತಕ್ಕ ಪುಸ್ತಕವಲ್ಲ. ಎರಡು ಮೂರು ವರ್ಷ ದೊಡ್ಡವರಿಗೆ ಸಲ್ಲತಕ್ಕದ್ದು. ಪಟ್ಟಣದ ಓದುಗನು ಮೊದಲ ಪುಟಗಳಲ್ಲಿ ತಡವರಿಸುತ್ತಾನೆ. ಶಬ್ದಗಳು ಬಿಡಿಬಿಡಿಯಾಗಿ ಬಾರದೆ ಹಿಂಡುಹಿಂಡಾಗಿ ಬರುವುದರಿಂದ ಸಿದ್ಧಪದಗಳ ಆಸರೆ ಅವನಿಗೆ ಸಾಲದು. ಶಬ್ದಗ್ರಹಣದ ದೃಷ್ಟಿಯಿಂದ ಇದು ಕೃತಿಯ ಮಿತಿಯೆಂದೇ ಹೇಳಬೇಕು; ತಿಳಿದ ಶಬ್ದಗಳ ಪ್ರಮಾಣ ಬಹಳ ತಗ್ಗಿದರೆ ಊಹೆಗೆ ಕಾಲೂರಲು ನೆಲವಿರುವುದಿಲ್ಲ. ಹುಣಸೂರಿನ ಅಥವಾ ಹೆಗ್ಗಡದೇವನಕೋಟೆಯ ಹಳ್ಳಿಯಿಂದ ಬಂದ ವಿದ್ಯಾರ್ಥಿಗಾದರೋ ಪರಿಸ್ಥಿತಿ ತಿರುಗುಮುರುಗು. ಪಟ್ಟಣದ ಸಹಪಾಠಿಯು ಅರ್ಥ ಕೇಳುತ್ತಾನೆ, ಇವನು ಹೇಳುತ್ತಾನೆ. ಅಂದಿನ ತರಗತಿಯಲ್ಲಿ ಕಾಡಿನವನ ಪಟ್ಟ ಅವನದು. ತನ್ನ ಅಜ್ಜಿಯ ಮಾತು ಅಚ್ಚಿನಲ್ಲಿ, ಪ್ರಶಸ್ತಿ ಪಡೆದ ಗ್ರಂಥದಲ್ಲಿ ಕಂಡಾಗ ಅವನು ಕಲಿಯುವುದು ಹೊಸ ಶಬ್ದವನ್ನಲ್ಲ, ಹಳೆಯ ಶಬ್ದದ ಬೆಲೆಯನ್ನು. ಬೆಲೆ ತಿಳಿದ ಶಬ್ದವನ್ನು ಯಾರೂ ಚೆಲ್ಲುವುದಿಲ್ಲ.

ಇಂಥ ಗ್ರಂಥಗಳನ್ನು ಓದಿಸಿದರೆ ಶಿಷ್ಟಭಾಷೆ ಕೆಡುವುದೆಂದು ಆಕ್ಷೇಪಿಸುವವರಿದ್ದಾರೆ. ಆ ಶಂಕೆಗೆ ಆಧಾರ ಕಾಣದು. ಎರಡು ರೂಪಗಳನ್ನು ಪಕ್ಕಪಕ್ಕದಲ್ಲಿ ಕಂಡ ವಿದ್ಯಾರ್ಥಿಗೆ ಯಾವುದು ಎಲ್ಲಿ ಸಲ್ಲುತ್ತದೆಂಬ ವಿವೇಕ ಹುಟ್ಟುತ್ತದೆ. ಒಂದನ್ನೇ ಕಂಡವನಿಗೆ ಆ ವಿವೇಕಕ್ಕೆ ಅವಕಾಶವೇ ಇಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟಗಳಾಗಿ ೧೯೯೫ರಲ್ಲಿ ಪೂರ್ಣಗೊಂಡಿತು. ಅದರ ಬಲವಿರುವುದು ಶಾಸನಗಳಿಂದಲೂ ಕಾವ್ಯಗಳಿಂದಲೂ ಎತ್ತಿದ ಪ್ರಯೋಗಗಳಲ್ಲಿ. ಬರವಣಿಗೆಯಲ್ಲಿ ಬಂದ ಶಬ್ದಕ್ಕೆ ಅಂಥ ಕೋಶವು ಆಶ್ರಯ ಕೊಡುತ್ತದೆ. ಬರವಣಿಗೆಗೆ ಬಾರದ ಶಬ್ದವು ಆಡುವವರೊಡನೆ ಹೋಗಿಬಿಡುತ್ತದೆ. ಈ ಕಾರಣದಿಂದ, ಮನೆಯ ಶಬ್ದಗಳನ್ನು ಕಥೆಯಲ್ಲಿ ಹಿಡಿದಿಟ್ಟ ಕಾದಂಬರಿಕಾರನು ನಿಘಂಟುಕಾರನಿಗೂ ಉಪಕಾರಿ.

೭

ಮೇಲಿನ ವಿಚಾರದಿಂದ ಉಪಾಧ್ಯಾಯರ ಕೆಲಸಕ್ಕೆ ಕೆಲವು ಸೂಚನೆಗಳು ಹೊರಡುತ್ತವೆ. ಕಾದಂಬರಿಯನ್ನು ಓದಿಸುವ ಮೊದಲು ಅರ್ಥಪಟ್ಟಿಯನ್ನು ಕೊಡದಿರುವುದು ಲೇಸು. ಊಹಿಸುವ ಶ್ರಮವನ್ನು ತಪ್ಪಿಸಿದರೆ ಕಲಿಯುವ ಸಂದರ್ಭವೂ ತಪ್ಪುತ್ತದೆ. ಓದುತ್ತ ಓದುತ್ತ ವಿದ್ಯಾರ್ಥಿಯು ಅಪರಿಚಿತ ಶಬ್ದವನ್ನು ಅದಿರುವ ವಾಕ್ಯದೊಡನೆ ಬರೆದುಕೊಂಡು, ಎದುರಿಗೆ ತನ್ನ ಊಹೆಯನ್ನೂ ಅದೇ ವಸ್ತುವಿಗೆ ತನ್ನ ಮನೆಯಲ್ಲಿ ಆಡುವ ಹೆಸರನ್ನೂ ಬರೆಯಲಿ. ಊಹೆ ತಪ್ಪಿದ್ದಲ್ಲಿ ಮುಂದಿನ ಪ್ರಯೋಗವೇ ತಿದ್ದುತ್ತದೆ. ತಿದ್ದದಿದ್ದಲ್ಲಿ ನಿಘಂಟನ್ನು ತೆರೆಯುವುದು. ಕೋಶವು ಬೇಡವೆಂದು ಇಲ್ಲಿ ಹೇಳುತ್ತಿಲ್ಲ. ಅದರ ಸರದಿ ಕೊನೆಯದು. ಒಮ್ಮೆ ಓದಿದ ಶಬ್ದ ನಿಲ್ಲುವುದಿಲ್ಲವಾದುದರಿಂದ, ಅದನ್ನು ವಿದ್ಯಾರ್ಥಿಯು ತನ್ನ ಬರವಣಿಗೆಯಲ್ಲಿಯೂ ಮಾತಿನಲ್ಲಿಯೂ ಮತ್ತೆ ಎದುರುಗೊಳ್ಳುವಂತೆ ಮಾಡಬೇಕು.

ಮೂರನೆಯ ಅಂಕಣವಾದ ಮನೆಯ ಹೆಸರೇ ಎಲ್ಲಕ್ಕಿಂತ ಮುಖ್ಯವೆಂದು ನಮ್ಮ ಅಭಿಪ್ರಾಯ. ಜೇನುಕುರುಬರ ಮಗು, ಹೊಗೆಸೊಪ್ಪಿನ ರೈತನ ಮಗ, ಗದ್ದೆಯ ಕೆಲಸದವರ ಮಗಳು ಬರೆದ ಆ ಹೆಸರುಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿಸಿದರೆ, ಒಂದು ವರ್ಷದಲ್ಲಿ ಯಾವ ಪಾಠಪುಸ್ತಕದಲ್ಲಿಯೂ ಇಲ್ಲದ ಒಂದು ಕಿರುಕೋಶ ಸಿದ್ಧವಾಗುತ್ತದೆ. ಕರ್ವಾಲೋ ಮಂದಣ್ಣನ ಮಾತನ್ನು ನಂಬಿದ್ದರಿಂದ ಹಾರುವ ಓತಿಯನ್ನು ಕಂಡರು. ಉಪಾಧ್ಯಾಯರು ಹಿಂದಿನ ಬೆಂಚಿನ ಮಗುವಿನ ಮಾತನ್ನು ಅಷ್ಟೇ ಗೌರವದಿಂದ ಕೇಳಿದರೆ, ಕಾದಂಬರಿಯ ಓದು ಶಬ್ದಗಳನ್ನು ಕೊಡುವಷ್ಟೇ ಪಡೆಯುವ ವ್ಯವಹಾರವೂ ಆದೀತು. ಅದರಿಂದ ಕನ್ನಡಕ್ಕೆ ಲಾಭವೇ ಹೊರತು ನಷ್ಟವಿಲ್ಲ.